ದೋಷಾನ್ವೇಷಕಿ ಗ್ರೇಸ್ ಹಾಪರ್

ಕಳೆದ ವರ್ಷ ನಮ್ಮ ತರಗತಿಯ ಪ್ರವಾಸ ಮುಗಿದ ಮೇಲೆ ಲೆಕ್ಕ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಹಣ ವಸೂಲು ಮಾಡಿದ್ದವಳು ನನ್ನ ಗೆಳತಿ. ಅವಳ ನೋಟ್ ಪುಸ್ತಕದಲ್ಲಿದ್ದ ಪುಟ್ಟ ಪ್ರೋಗ್ರಾಮನ್ನು ಇಳಿಸಿಕೊಂಡು ಕಂಪ್ಯೂಟರಿಗೆ ಕೊಟ್ಟೆ. ಆರು ಜನರ ಹಣ ಕಡಮೆ ಬಿದ್ದಿತು! ಯಂತ್ರ ಸುಳ್ಳು ಹೇಳದೆಂದು ನಂಬಿ ಎರಡು ದಿನ ಗೆಳತಿಯೊಡನೆ ಮಾತು ಬಿಟ್ಟೆ. ಕೊನೆಗೆ ನೋಡಿದರೆ, ಅವಳು 30 ಎಂದು ಬರೆದುದನ್ನು ನಾನು 36 ಎಂದು ಇಳಿಸಿಕೊಂಡಿದ್ದೆ. ಇದನ್ನು ಕೇಳಿ ನಮ್ಮ ಉಪನ್ಯಾಸಕರು ನಕ್ಕು, ಗ್ರೇಸ್ ಹಾಪರ್ ಅವರ ವಿಷಯ ಓದಿಕೊಂಡು ಬಾ ಎಂದರು. ಓದಿದೆ.

ಗ್ರೇಸ್ ಹುಟ್ಟಿದುದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳು ವರ್ಷದ ಬಾಲಕಿಯಾಗಿದ್ದಾಗ ಅಲಾರಂ ಗಡಿಯಾರದ ಒಳಗುಟ್ಟನ್ನು ತಿಳಿಯಲು ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಬಿಚ್ಚಿ ಹರಡಿದ್ದಳಂತೆ. ವಾಸರ್ ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಲೇ 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಮಹಾಯುದ್ಧ ಬಂದಾಗ ನೌಕಾಪಡೆಗೆ ಸೇರಹೊರಟರು. ತೂಕ ಸಾಲದೆಂಬ ಅಡ್ಡಿ ಬಂದರೂ ಬಿಡದೆ ವಿಶೇಷ ಅನುಮತಿ ಪಡೆದು ಸೇರಿಯೇಬಿಟ್ಟರು.

1944ರಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡಿಗೆ. ಅಲ್ಲಿ ಮಾರ್ಕ್ 1 ಎಂಬ 51 ಅಡಿ ಉದ್ದದ, 8 ಅಡಿ ಎತ್ತರದ ಗಣಕಯಂತ್ರವಿದ್ದಿತು. ಅದಕ್ಕೆ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕೊಡಬೇಕು. ಒಂದು ತೂತು ತಪ್ಪಿದರೆ ಲೆಕ್ಕವೇ ತಪ್ಪು. ಹಾಪರ್ ಮತ್ತು ಸಂಗಡಿಗರು ಸರಿಯೆಂದು ಕಂಡ ಆಜ್ಞಾಸರಣಿಗಳನ್ನು ನೋಟ್ ಪುಸ್ತಕಗಳಲ್ಲಿ ಬರೆದಿಟ್ಟು, ಬೇಕಾದಾಗ ಒಬ್ಬರದನ್ನೊಬ್ಬರು ಇಳಿಸಿಕೊಳ್ಳುತ್ತಿದ್ದರು. ಇಳಿಸುವಾಗ ಬಿ ಎಂಬ ಇಂಗ್ಲಿಷ್ ಅಕ್ಷರ 13 ಆಗುತ್ತಿತ್ತು! ಗಣಿತದಲ್ಲಿ ಪಂಡಿತರಾದವರಿಗೂ ನೋಡಿ ಬರೆಯಲು ಬಾರದೆಂಬುದನ್ನು ಹಾಪರ್ ಅಲ್ಲಿಯೇ ಕಂಡುಕೊಂಡರು. ನನಗೆ ಇದನ್ನೋದಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಪತಂಗದ ಕಥೆಯನ್ನು ಅನೇಕರು ಕೇಳಿರಬಹುದು. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡಿದ್ದಿತು. ಅದನ್ನು ತೆಗೆದು, ದಾಖಲೆ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳು ಸಿಕ್ಕಿತೆಂದು ವಿನೋದವಾಗಿ ಬರೆದರು. ಆ ಹಾಳೆ ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಬಗ್ ಎಂಬ ಹೆಸರು ಹುಟ್ಟಿದುದೇ ಅಂದು ಎಂಬುದು ಮಾತ್ರ ಸರಿಯಲ್ಲ. ಯಂತ್ರದ ದೋಷಕ್ಕೆ ಆ ಮಾತನ್ನು ಎಡಿಸನ್ನನ ಕಾಲದಲ್ಲಿಯೇ ಬಳಸುತ್ತಿದ್ದರು. ಹಾಪರ್ ಈ ಕಥೆಯನ್ನು ಊರೂರಲ್ಲಿ ಹೇಳಿ ಪ್ರಸಿದ್ಧಪಡಿಸಿದರು, ಅಷ್ಟೆ. ನನ್ನ ಮಟ್ಟಿಗೆ ಪತಂಗಕ್ಕಿಂತ ಆ 13 ದೊಡ್ಡದು. ಹುಳುವನ್ನು ಚಿಮ್ಮಟದಿಂದ ತೆಗೆಯಬಹುದು. ಕೈತಪ್ಪನ್ನು ತೆಗೆಯುವುದು ಹೇಗೆ?

1949ರಲ್ಲಿ ಹಾರ್ವರ್ಡನ್ನು ಬಿಟ್ಟು ಫಿಲಡೆಲ್ಫಿಯದ ಎಕರ್ಟ್–ಮಾಕ್ಲಿ ಕಂಪನಿಗೆ ಬಂದರು. ಅಲ್ಲಿಯ ಬೈನಾಕ್ ಯಂತ್ರದ ಲೆಕ್ಕ ಹತ್ತರದಲ್ಲ, ಎಂಟರದು. ಹಗಲೆಲ್ಲ ಎಂಟರ ಲೆಕ್ಕದಲ್ಲಿ ಮುಳುಗಿದ ಹಾಪರ್ ಅವರಿಗೆ ತಮ್ಮದೇ ಬ್ಯಾಂಕಿನ ಲೆಕ್ಕ ಕೂಡದೆ ಹೋಯಿತು. ಬ್ಯಾಂಕಿನ ಕೆಲಸ ಬಲ್ಲ ತಮ್ಮ ಕುಳಿತು ನೋಡಿದಾಗ, ಅಕ್ಕ ನಡುನಡುವೆ ಎಂಟರ ಲೆಕ್ಕದಲ್ಲಿ ಕಳೆದಿದ್ದುದು ಗೊತ್ತಾಯಿತು!

ಕೈಗೆ ಈ ಕೆಲಸ ಬೇಡ, ಯಂತ್ರವೇ ಇಳಿಸಿಕೊಳ್ಳಲಿ ಎಂದು ಹಾಪರ್ ಯೋಚಿಸಿದರು. ಪರೀಕ್ಷಿಸಿದ ಆಜ್ಞಾಸರಣಿಗಳನ್ನು ಟೇಪಿನಲ್ಲಿಟ್ಟು ಒಂದೊಂದಕ್ಕೂ ಒಂದು ಗುರುತು ಕೊಟ್ಟರು. ಗುರುತುಗಳನ್ನು ಕ್ರಮವಾಗಿ ಬರೆದುಕೊಟ್ಟರಾಯಿತು. ಯಂತ್ರವೇ ಸರಣಿಗಳನ್ನು ಹುಡುಕಿ, ಸ್ಥಾನಸಂಖ್ಯೆಗಳನ್ನು ತಿದ್ದಿ, ಜೋಡಿಸಿಕೊಳ್ಳುತ್ತಿತ್ತು. 1952ರಲ್ಲಿ ಸಿದ್ಧವಾಗಿದ್ದ ಈ ಎ–0 ಎಂಬ ಕಂಪೈಲರನ್ನು ಬಹುಕಾಲ ಯಾರೂ ಮುಟ್ಟಲಿಲ್ಲ. ಗಣಕಯಂತ್ರ ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಮ್ ಬರೆಯಲಾರದೆಂದು ಬಲ್ಲವರೇ ವಾದಿಸಿದರು. ಹಾಪರ್ ಜಗ್ಗಲಿಲ್ಲ. ಇಂಗ್ಲಿಷ್ ಮಾತುಗಳಲ್ಲಿಯೇ ಆಜ್ಞೆ ಕೊಡುವ ಫ್ಲೋ–ಮ್ಯಾಟಿಕ್ ಭಾಷೆಯನ್ನು ತಂದರು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ಅದು ಬುನಾದಿಯಾಯಿತು.

1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು; 1992ರ ಜನವರಿ 1ರಂದು ತೀರಿಕೊಂಡರು. ಅವರ ಕಚೇರಿಯ ಗೋಡೆಯ ಮೇಲೆ ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದಿದ್ದಿತು. ಅದೂ ಸರಿಯಾದ ವೇಳೆಯನ್ನೇ ತೋರಿಸುತ್ತಿತ್ತು.

ಗೆಳತಿಯ ನೋಟ್ ಪುಸ್ತಕವನ್ನು ಹಿಂದಿರುಗಿಸುವಾಗ ಕ್ಷಮೆ ಕೇಳಿದೆ. ಅವಳು ಪುಸ್ತಕ ತೆರೆದು, 30ರಲ್ಲಿದ್ದ ಸೊನ್ನೆಯನ್ನು ಇನ್ನಷ್ಟು ದುಂಡಗೆ ತಿದ್ದಿದಳು.