ತಡವಾಗಿ ಬಂದ ಗೆಲುವು

1963ರ ಡಿಸೆಂಬರ್ 1. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ನಾಸ್ಕಾರ್ ಕಾರ್ ರೇಸ್ ನಡೆದಿತ್ತು. ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದವರು ವೆಂಡೆಲ್ ಸ್ಕಾಟ್. ಆದರೆ ವಿಜೇತ ಎಂದು ಘೋಷಿಸಿದ್ದು ಬಕ್ ಬೇಕರ್ ಎಂಬ ಬಿಳಿಯ ಚಾಲಕನ ಹೆಸರನ್ನು. ಸುತ್ತುಗಳ ಲೆಕ್ಕ ತಪ್ಪಿದೆ ಎಂದು ಅಧಿಕಾರಿಗಳು ಒಪ್ಪಿಕೊಳ್ಳುವ ಹೊತ್ತಿಗೆ ಪ್ರೇಕ್ಷಕರು ಮನೆ ಸೇರಿದ್ದರು, ಟ್ರೋಫಿಯೂ ಇರಲಿಲ್ಲ. ಗೆದ್ದವರ ಜಾಗದಲ್ಲಿ ಕಪ್ಪು ಮನುಷ್ಯನನ್ನು ನಿಲ್ಲಿಸಲು ಮನಸ್ಸಿಲ್ಲದೆ ಹೀಗೆ ಮಾಡಿದರು ಎಂದೇ ಸ್ಕಾಟ್ ಕೊನೆಯವರೆಗೂ ನಂಬಿದ್ದರು.

ಸ್ಕಾಟ್ ಹುಟ್ಟಿದ್ದು 1921ರಲ್ಲಿ, ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ. ವಾಹನ ರಿಪೇರಿ ಅಪ್ಪನಿಂದ ಬಂದ ವಿದ್ಯೆ. ಓದು ಅರ್ಧಕ್ಕೇ ನಿಂತಿತು. ಟ್ಯಾಕ್ಸಿ ಓಡಿಸಿದರು, ಎರಡನೇ ಮಹಾಯುದ್ಧದಲ್ಲಿ ಸೇನೆಯ ಮೆಕ್ಯಾನಿಕ್ ಆದರು. ಊರಿಗೆ ಮರಳಿ ಗ್ಯಾರೇಜು ತೆರೆದರು. ಸಂಸಾರದ ಖರ್ಚಿಗಾಗಿ ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸಿದ್ದೂ ಉಂಟು. ಪೊಲೀಸರಿಗೆ ಒಮ್ಮೆ ಸಿಕ್ಕಿಬಿದ್ದಿದ್ದರು.

ವಿಚಿತ್ರವೆಂದರೆ ರೇಸಿನ ಬಾಗಿಲು ತೆರೆದದ್ದೂ ಪೊಲೀಸರಿಂದಲೇ. 1952ರಲ್ಲಿ ಡ್ಯಾನ್‌ವಿಲ್‌ನ ರೇಸ್ ಆಯೋಜಕರಿಗೆ ಜನ ಸೇರಿಸಲು ಒಬ್ಬ ಕಪ್ಪು ಚಾಲಕ ಬೇಕಿತ್ತು. ವೇಗವಾಗಿ ಓಡಿಸುವವರು ಯಾರಿದ್ದಾರೆ ಎಂದು ಪೊಲೀಸರನ್ನು ವಿಚಾರಿಸಿದಾಗ ಅವರು ಹೇಳಿದ್ದು ಸ್ಕಾಟ್ ಹೆಸರನ್ನು!

ಆರಂಭದಲ್ಲಿ ನಾಸ್ಕಾರ್ ರೇಸುಗಳಲ್ಲಿ ಅವರನ್ನು ಬಣ್ಣದ ಕಾರಣಕ್ಕೆ ವಾಪಸ್ ಕಳುಹಿಸಿದರು. ಅವರು ಸಣ್ಣಪುಟ್ಟ ಟ್ರ್ಯಾಕುಗಳಲ್ಲಿ ಓಡಿಸುತ್ತಲೇ ಹೋದರು. ಮುಂದೆ ಲೈಸೆನ್ಸ್ ಸಿಕ್ಕಿತು. 1959ರಲ್ಲಿ ವರ್ಜೀನಿಯಾದ ಸ್ಪೋರ್ಟ್ಸ್‌ಮನ್ ವಿಭಾಗದ ಚಾಂಪಿಯನ್ ಆದರು. 1961ರಲ್ಲಿ ನಾಸ್ಕಾರ್‌ನ ಅತ್ಯುನ್ನತ ದರ್ಜೆಯಾದ ಗ್ರ್ಯಾಂಡ್ ನ್ಯಾಷನಲ್‌ಗೆ ಕಾಲಿಟ್ಟರು.

ಪ್ರತಿಸ್ಪರ್ಧಿಗಳ ಬೆನ್ನಿಗೆ ದೊಡ್ಡ ಕಾರು ಕಂಪನಿಗಳಿದ್ದವು. ಸ್ಕಾಟ್ ಬಳಿ ಇದ್ದದ್ದು ಹಳೆಯ ಕಾರು ಮತ್ತು ಬೇರೆಯವರು ಬಳಸಿಬಿಟ್ಟ ಬಿಡಿಭಾಗಗಳು. ಎಂಜಿನ್ ಬಿಚ್ಚಿ ಜೋಡಿಸುವುದೂ ಅವರೇ, ಓಡಿಸುವುದೂ ಅವರೇ. ಮಕ್ಕಳೇ ಪಿಟ್ ಸಿಬ್ಬಂದಿ. ಎಂಜಿನ್ ಕೈಕೊಟ್ಟರೆ ಹೊಸದು ತರಲು ದುಡ್ಡಿರಲಿಲ್ಲ. ಹಾಗಾಗಿ ಎಷ್ಟೋ ಸಲ ವೇಗಕ್ಕಿಂತ ಕಾರನ್ನು ಕೊನೆಯ ಸುತ್ತಿನವರೆಗೆ ಉಳಿಸಿಕೊಳ್ಳುವುದೇ ಮುಖ್ಯವಾಗುತ್ತಿತ್ತು. ಇಷ್ಟಾದರೂ 1966ರ ಋತುವಿನಲ್ಲಿ ಅಂಕಪಟ್ಟಿಯ ಆರನೇ ಸ್ಥಾನ ಅವರದಾಗಿತ್ತು.

1973ರಲ್ಲಿ ಟಲ್ಲಡೇಗಾದಲ್ಲಿ ನಡೆದ ಭೀಕರ ಅಪಘಾತ ಅವರ ರೇಸ್ ಬದುಕನ್ನು ಹೆಚ್ಚುಕಡಿಮೆ ಮುಗಿಸಿತು. ಅಷ್ಟರಲ್ಲಿ ಉನ್ನತ ದರ್ಜೆಯ 495 ರೇಸುಗಳಲ್ಲಿ ಓಡಿಸಿ, 147 ಬಾರಿ ಮೊದಲ ಹತ್ತರೊಳಗೆ ಬಂದಿದ್ದರು. ಗೆಲುವು ಮಾತ್ರ ಒಂದೇ, ಜಾಕ್ಸನ್‌ವಿಲ್‌ನದು. 1990ರಲ್ಲಿ ಅವರು ತೀರಿಕೊಂಡರು. 2015ರಲ್ಲಿ ನಾಸ್ಕಾರ್ ತನ್ನ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡಿತು. ಆ ಗೆಲುವಿನ ಟ್ರೋಫಿಯನ್ನು ನಾಸ್ಕಾರ್ ಅವರ ಕುಟುಂಬದ ಕೈಗಿಟ್ಟದ್ದು 2021ರಲ್ಲಿ. ಅದೇ ವರ್ಷ ಬಬ್ಬಾ ವಾಲೇಸ್ ಆ ದರ್ಜೆಯ ರೇಸ್ ಗೆದ್ದ ಎರಡನೇ ಕಪ್ಪು ಚಾಲಕ ಎನಿಸಿಕೊಂಡರು. ಟಲ್ಲಡೇಗಾದಲ್ಲೇ!

ತಡವಾದರೂ ನ್ಯಾಯ ಸಿಕ್ಕಿತು ಎಂದು ಇಲ್ಲಿ ಸುಲಭವಾಗಿ ಸಮಾಧಾನ ಹೇಳುವಂತಿಲ್ಲ. ಟ್ರೋಫಿ ಬಂದಾಗ ಅದನ್ನು ಹಿಡಿಯಬೇಕಾದ ಕೈಗಳೇ ಇರಲಿಲ್ಲ. ಆದರೆ ಸ್ಕಾಟ್ ಟ್ರೋಫಿಗಾಗಿ ಕಾಯುತ್ತ ಕೂರಲಿಲ್ಲ. ಆ ಗೆಲುವಿನ ನಂತರವೂ ಹತ್ತು ವರ್ಷ ಕಾರು ರಿಪೇರಿ ಮಾಡಿಕೊಂಡು ಮುಂದಿನ ರೇಸಿಗೆ ಹೊರಡುತ್ತಲೇ ಇದ್ದರು. ಅರ್ಜಿ ಹಾಕಿ ಫಲಿತಾಂಶ ಎದುರು ನೋಡುತ್ತಿರುವ ನಮ್ಮಂಥವರು ಅವರಿಂದ ಕಲಿಯಬೇಕಾದದ್ದು ಇದನ್ನೇ.