ನೆಲವನ್ನು ಬಿಟ್ಟು ನಿಲ್ಲದ ನೆರಳು: ಸವಾಯಿ ಜಯಸಿಂಹನ ಜೀವನಸಾಧನೆ

ದೆಹಲಿಯ ಸಂಸತ್ ಮಾರ್ಗದಲ್ಲಿರುವ ಜಂತರ್ ಮಂತರ್ ಅನೇಕರಿಗೆ ಒಂದು ವಿಹಾರಸ್ಥಳ, ಇಲ್ಲವೆ ಧರಣಿ ಸತ್ಯಾಗ್ರಹಗಳ ನೆನಪನ್ನು ತರುವ ಹೆಸರು. ಅಲ್ಲಿ ಆಕಾಶದತ್ತ ಓರೆಯಾಗಿ ಏರಿರುವ ಎಪ್ಪತ್ತು ಅಡಿ ಎತ್ತರದ ಗೋಡೆ ಏಕೆ ಅಷ್ಟೇ ಓರೆಯಾಗಿದೆ, ಏಕೆ ಅದೇ ದಿಕ್ಕಿಗೆ ಮುಖ ಮಾಡಿದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರವನ್ನು ಅರಸಿ ಹೊರಟರೆ ಸವಾಯಿ ಜಯಸಿಂಹನ ಬದುಕಿನ ಮುಖ್ಯ ಎಳೆಯೇ ಕೈಗೆ ಸಿಗುತ್ತದೆ.

ಜಯಸಿಂಹನು 1688ರಲ್ಲಿ ಆಮೇರಿನ ಕಛವಾಹ ರಾಜಮನೆತನದಲ್ಲಿ ಜನಿಸಿದನು. ತಂದೆ ಬಿಷನ್ ಸಿಂಹನ ಮರಣಾನಂತರ, 1700ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿಯೇ ಪಟ್ಟಕ್ಕೆ ಬಂದನು. ಒಬ್ಬನಿಗಿಂತ ಕಾಲುಪಾಲು ಮಿಗಿಲಾದವನು ಎಂಬರ್ಥದ 'ಸವಾಯಿ' ಬಿರುದು ಔರಂಗಜೇಬನಿಂದ ಬಂದುದು. 1707ರಲ್ಲಿ ಔರಂಗಜೇಬನು ತೀರಿಕೊಂಡಾಗ ನಡೆದ ಉತ್ತರಾಧಿಕಾರದ ಕಲಹದಲ್ಲಿ ಸೋತವನ ಪಕ್ಷದಲ್ಲಿದ್ದುದರಿಂದ ಆಮೇರನ್ನೇ ಕಳೆದುಕೊಂಡನು. ಜೋಧಪುರದ ಅಜಿತಸಿಂಹನೊಡನೆ ಕೂಡಿ ಮರುವರ್ಷ ಅದನ್ನು ಮರಳಿ ಪಡೆದನು. ಮುಂದೆ ಮೂರು ಬಾರಿ ಮಾಳವದ ಸುಬೇದಾರನಾದನು. ಅವನ ಬಾಳಿನ ಬಹುಭಾಗ ದಂಡಿನ ಡೇರೆಗಳಲ್ಲಿಯೇ ಕಳೆಯಿತು.

ಇಂಥ ಅಲೆದಾಟದ ನಡುವೆಯೂ ಅವನ ಮನಸ್ಸು ನೆಟ್ಟಿದ್ದುದು ಖಗೋಳಶಾಸ್ತ್ರದಲ್ಲಿ. ಪಂಚಾಂಗಗಳು ಹೇಳುವ ಗ್ರಹಸ್ಥಿತಿಗೂ ಕಣ್ಣಿಗೆ ಕಾಣುವ ಗ್ರಹಸ್ಥಿತಿಗೂ ಹೊಂದಿಕೆಯಿಲ್ಲವೆಂಬುದನ್ನು ಅವನು ಕಂಡುಕೊಂಡಿದ್ದನು. ಬಾದಶಹ ಮುಹಮ್ಮದ್ ಶಹನ ಸಮ್ಮತಿಯೊಡನೆ ಹೊಸ ವೇಧಗಳನ್ನು ಕೈಗೊಂಡನು. ಮೊದಲು ಸಮರ್‌ಖಂಡದ ಮಾದರಿಯಲ್ಲಿ ಹಿತ್ತಾಳೆಯ ಯಂತ್ರಗಳನ್ನು ಮಾಡಿಸಿದನಾದರೂ ಅವು ಅವನಿಗೆ ತೃಪ್ತಿ ಕೊಡಲಿಲ್ಲ. ಅಚ್ಚುಗಳು ಸವೆಯುತ್ತಿದ್ದವು, ಕೇಂದ್ರಗಳು ಸರಿಯುತ್ತಿದ್ದವು, ಅಳತೆಯ ಗೆರೆಗಳು ತೀರ ಕಿರಿದಾಗಿದ್ದವು. ಆದುದರಿಂದ ಅಲುಗದ, ಸವೆಯದ, ಬೃಹತ್ತಾದ ಯಂತ್ರಗಳನ್ನು ಕಲ್ಲುಗಾರೆಗಳಲ್ಲಿ ಕಟ್ಟಿಸಲು ನಿಶ್ಚಯಿಸಿದನು. 1724ರ ಸುಮಾರಿಗೆ ದೆಹಲಿಯ ವೇಧಶಾಲೆ ಸಿದ್ಧವಾಯಿತು.

ಅಲ್ಲಿನ ಸಮ್ರಾಟ ಯಂತ್ರವು ತತ್ತ್ವದಲ್ಲಿ ಒಂದು ನೆರಳುಗಡಿಯಾರವೇ. ಸೂರ್ಯನು ಭೂಮಿಯ ಅಕ್ಷವನ್ನು ಸುತ್ತುವಂತೆ ತೋರುವುದು ಗಂಟೆಗೆ ಹದಿನೈದು ಡಿಗ್ರಿಯಂತೆ. ನೆರಳು ಕೊಡುವ ಅಂಚು ಆ ಅಕ್ಷಕ್ಕೆ ಸಮಾನಾಂತರವಾಗಿದ್ದರೆ ಮಾತ್ರ ಚೈತ್ರದಲ್ಲಾಗಲಿ ಪುಷ್ಯದಲ್ಲಾಗಲಿ ಒಂದು ಹೊತ್ತಿನ ನೆರಳು ಒಂದೇ ಗೆರೆಯ ಮೇಲೆ ಬೀಳುತ್ತದೆ. ಇದಕ್ಕೆ ಎರಡು ನಿಯಮಗಳನ್ನು ಪಾಲಿಸಬೇಕು. ಅಂಚಿನ ಓರೆ ಆ ಊರಿನ ಅಕ್ಷಾಂಶಕ್ಕೆ ಸಮನಾಗಿರಬೇಕು; ಅದು ನಿಜವಾದ ಉತ್ತರಕ್ಕೆ ಮುಖ ಮಾಡಿರಬೇಕು. ದಿಕ್ಸೂಚಿಯ ಮುಳ್ಳು ತೋರುವ ಉತ್ತರ ಇದಕ್ಕೆ ಸಾಲದು. ನೆಲದ ಮೇಲೆ ವೃತ್ತವನ್ನೆಳೆದು, ನಡುವೆ ಶಂಕುವನ್ನು ನೆಟ್ಟು, ಅದರ ನೆರಳಿನ ತುದಿ ಬೆಳಗಿನಲ್ಲಿ ವೃತ್ತವನ್ನು ಹೊಗುವ, ಸಂಜೆ ಹೊರಡುವ ಬಿಂದುಗಳಿಂದ ದಿಕ್ಕನ್ನು ಸಾಧಿಸುವ ಕ್ರಮ ನಮ್ಮ ಸಿದ್ಧಾಂತಗ್ರಂಥಗಳಿಗೆ ಸುಪರಿಚಿತವಾದುದು.

ದಿಕ್ಕು ತಪ್ಪಿದರೆ ನಡುಹಗಲೇ ತಪ್ಪುತ್ತದೆ. ಜಯಪುರದಂತಹ ಊರಿನಲ್ಲಿ ಗೋಡೆ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೂ ಚಳಿಗಾಲದ ಮಧ್ಯಾಹ್ನ ಮೂರು ನಿಮಿಷಕ್ಕೂ ಹೆಚ್ಚು ವ್ಯತ್ಯಾಸವಾಗುತ್ತದೆ. ಓರೆ ತಪ್ಪಿದಾಗ ಆಗುವ ದೋಷ ಇದಕ್ಕಿಂತ ಮೋಸದ್ದು. ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಸರಿಯಾಗಿಯೇ ಇರುತ್ತದೆ. ಹಗಲಿರುಳು ಸಮನಾದ ದಿನಗಳಲ್ಲಿಯೂ ಸರಿಯೇ. ಉಳಿದಂತೆ ಬೇಸಗೆಯಲ್ಲಿ ಒಂದು ಕಡೆಗೆ, ಚಳಿಗಾಲದಲ್ಲಿ ಇನ್ನೊಂದು ಕಡೆಗೆ ತಪ್ಪುತ್ತ ಹೋಗುತ್ತದೆ. 28.6 ಡಿಗ್ರಿಯ ದೆಹಲಿಗೆ ಕಟ್ಟಿದ ಯಂತ್ರವನ್ನು 26.9 ಡಿಗ್ರಿಯ ಜಯಪುರದಲ್ಲಿ ಹಾಗೆಯೇ ನಿಲ್ಲಿಸಿದರೆ ಉತ್ತರಾಯಣದ ಕೊನೆಯ ದಿನಗಳಲ್ಲಿ ಬೆಳಗಿನ ಆರಕ್ಕೆ ಸುಮಾರು ಮೂರು ನಿಮಿಷದ ದೋಷ ಬರುತ್ತದೆ. 13 ಡಿಗ್ರಿಯ ಬೆಂಗಳೂರಿಗೆ ತಂದರೆ ಅದು ಇಪ್ಪತ್ತೈದು ನಿಮಿಷವನ್ನೂ ಮೀರುತ್ತದೆ.

ಸಣ್ಣ ಹಿತ್ತಾಳೆಯ ಯಂತ್ರವಾದರೆ ಅಡಿಗೊಂದು ಬೆಣೆಯಿಟ್ಟು ಈ ದೋಷವನ್ನು ಸರಿಪಡಿಸಬಹುದು. ಗಾರೆಯ ಗೋಡೆಗೆ ಬೆಣೆಯಿಡುವುದು ಅಸಾಧ್ಯ. ಸ್ಥಿರತೆಯನ್ನು ಬಯಸಿದ ಜಯಸಿಂಹನು ಚಲನೆಯನ್ನು ಬಿಟ್ಟುಕೊಡಬೇಕಾಯಿತು. ಒಂದೆಡೆಯ ವೇಧವನ್ನು ಇನ್ನೊಂದೆಡೆಯ ವೇಧದಿಂದ ಪರೀಕ್ಷಿಸಬೇಕೆಂಬ ಹಂಬಲವೂ ಅವನಿಗಿತ್ತು. ಆದುದರಿಂದಲೇ ಜಯಪುರ, ಮಥುರಾ, ಕಾಶಿ, ಉಜ್ಜಯಿನಿಗಳಲ್ಲಿ ಆಯಾ ಅಕ್ಷಾಂಶಕ್ಕೆ ಹೊಂದುವಂತೆ ಪ್ರತ್ಯೇಕ ವೇಧಶಾಲೆಗಳನ್ನು ಕಟ್ಟಿಸಿದನು. 23.2 ಡಿಗ್ರಿಯ ಉಜ್ಜಯಿನಿಯ ಗೋಡೆ ದೆಹಲಿಯದಕ್ಕಿಂತ ಐದು ಡಿಗ್ರಿಗೂ ಹೆಚ್ಚು ತಗ್ಗಾಗಿ ಒರಗಿರುವುದು ಶಿಲ್ಪಿಯ ಇಚ್ಛೆಯಿಂದಲ್ಲ, ಆ ನೆಲದ ಕಟ್ಟಳೆಯಿಂದ.

1727ರಲ್ಲಿ ಅವನು ಸ್ಥಾಪಿಸಿದ ಜಯಪುರದಲ್ಲಿ ಈ ಸಾಧನೆ ಶಿಖರವನ್ನು ಮುಟ್ಟಿತು. ಅಲ್ಲಿಯ ಸಮ್ರಾಟ ಯಂತ್ರದ ಎತ್ತರ 27 ಮೀಟರು. ಅದರ ನೆರಳು ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಸರಿಯುತ್ತದೆ. ಎರಡು ಸೆಕೆಂಡುಗಳವರೆಗೆ ಗೆರೆಗಳನ್ನು ಕೊರೆಯಲಾಗಿದೆ. ಆದರೆ ಸೂರ್ಯನು ಬಿಂದುವಲ್ಲ, ಅರ್ಧ ಡಿಗ್ರಿಯಷ್ಟು ಅಗಲದ ಬಿಂಬ. ಗೋಡೆ ದೊಡ್ಡದಾದಂತೆ ಗೆರೆಗಳ ನಡುವಿನ ಅಂತರ ಹಿಗ್ಗುವಂತೆ ನೆರಳಿನ ಅಂಚಿನ ಮಸುಕೂ ಹಿಗ್ಗುತ್ತದೆ. ಗಾತ್ರದಿಂದಲೇ ನಿಖರತೆಯನ್ನು ಗೆಲ್ಲುವೆನೆಂಬ ಅವನ ನಂಬಿಕೆಗೆ ಇದೊಂದು ಮಿತಿಯಾಯಿತು.

ಅವನ ಆಸ್ಥಾನದ ಜಗನ್ನಾಥ ಸಮ್ರಾಟನು ಯೂಕ್ಲಿಡ್ ಹಾಗೂ ಟಾಲೆಮಿಯರ ಗ್ರಂಥಗಳನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದನು. ಜೆಸ್ಯೂಟ್ ಪಾದ್ರಿಯೊಬ್ಬನ ನೇತೃತ್ವದಲ್ಲಿ ಪೋರ್ಚುಗಲ್ಲಿಗೆ ಹೋದ ನಿಯೋಗವು ಫ್ರೆಂಚ್ ಖಗೋಳಜ್ಞ ಲಾ ಇರನ ಕೋಷ್ಟಕಗಳನ್ನು ತಂದಿತು. ಅವುಗಳಲ್ಲಿಯೂ ಚಂದ್ರನ ಸ್ಥಾನ ಅರ್ಧ ಡಿಗ್ರಿಯಷ್ಟು ತಪ್ಪಿರುವುದನ್ನು ಜಯಸಿಂಹನು ತನ್ನ ವೇಧಗಳಿಂದ ಗುರುತಿಸಿದನು. ತನ್ನ ಕೋಷ್ಟಕಗಳನ್ನು ಮುಹಮ್ಮದ್ ಶಹನ ಹೆಸರಿನಲ್ಲಿ ಪ್ರಕಟಪಡಿಸಿದನು.

1743ರಲ್ಲಿ ಅವನು ನಿಧನನಾದನು. ಮಕ್ಕಳ ನಡುವೆ ಪಟ್ಟಕ್ಕಾಗಿ ಕಾದಾಟ ನಡೆಯಿತು, ವೇಧಶಾಲೆಗಳು ಮೌನವಾದವು. ಮಥುರೆಯದು 1857ರ ದಂಗೆಗೆ ಮುನ್ನವೇ ಅಳಿಯಿತು. ಜಯಪುರದ್ದನ್ನು 1902ರ ಸುಮಾರಿಗೆ ಜೀರ್ಣೋದ್ಧಾರ ಮಾಡಿದಾಗ ಶ್ರಮಿಸಿದವರಲ್ಲಿ, ಮುಂದೆ ಹಿಂದಿಯ ಪ್ರಖ್ಯಾತ ಕಥೆಗಾರನೆನಿಸಿದ ಚಂದ್ರಧರ ಶರ್ಮಾ ಗುಲೇರಿಯೂ ಒಬ್ಬನೆಂಬುದು ಸಾಹಿತ್ಯದ ವಿದ್ಯಾರ್ಥಿಗಳು ನೆನೆಯತಕ್ಕ ಸಂಗತಿ. 2010ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ದೆಹಲಿಯಲ್ಲಾದರೋ ಸುತ್ತಲೆದ್ದ ಗಗನಚುಂಬಿ ಕಟ್ಟಡಗಳು ಬಿಸಿಲನ್ನು ತಡೆದಿವೆ. ಓರೆ ಸರಿಯಾಗಿದೆ, ದಿಕ್ಕೂ ಸರಿಯಾಗಿದೆ. ಆದರೆ ಸೂರ್ಯನೇ ಕಾಣದ ಹೊತ್ತಿನಲ್ಲಿ ಅದು ಏನನ್ನೂ ಹೇಳಲಾರದು. ಜಯಸಿಂಹನು ಅಷ್ಟು ಶ್ರದ್ಧೆಯಿಂದ ಅಳೆದು ಆರಿಸಿದ ನೆಲವನ್ನು ಕಾಯುವ ಹೊಣೆ ಅವನ ತರುವಾಯ ಬಂದವರದಾಗಿತ್ತು.