ಶಿಶುವಿನ ಕರುಳನ್ನು ಅರಿತ ವೈದ್ಯ ಎಶೆರಿಕ್
ನೀವಿರುವುದು ನಾಶಿಕ್ ಆಗಲಿ, ಛತ್ರಪತಿ ಸಂಭಾಜಿನಗರವಾಗಲಿ, ಮೆಡಿಕಲ್ ಶಾಪ್‌ನಲ್ಲಿ ಮಗುವಿಗೆ ಪ್ರೋಬಯಾಟಿಕ್ ಡ್ರಾಪ್ಸ್ ಕೇಳುವ ಮುನ್ನ ಈ ವೈದ್ಯರ ಬಗ್ಗೆ ತಿಳಿಯಿರಿ.

ಥಿಯೋಡರ್ ಎಶೆರಿಕ್ 1857ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಮ್ಯೂನಿಕ್‌ನಲ್ಲಿ ಶಿಶುಗಳ ಮಲವನ್ನು ಪರೀಕ್ಷಿಸಿ, 1885ರಲ್ಲಿ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿದರು. ಅದೇ ಇಂದಿನ ಇ. ಕೋಲಿ, ಅದರಲ್ಲಿನ ‘ಇ’ ಅವರದೇ ಹೆಸರು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ಕರುಳಿಗೆ ಬ್ಯಾಕ್ಟೀರಿಯಾಗಳು ಸೇರುತ್ತವೆ ಎಂಬುದನ್ನೂ ಕಂಡುಕೊಂಡರು. ಆದರೂ ಅವರು ಒತ್ತು ಕೊಟ್ಟದ್ದು ಔಷಧಿಗಲ್ಲ, ಎದೆಹಾಲಿಗೆ. ಅದಕ್ಕಾಗಿಯೇ 1903ರಲ್ಲಿ ವಿಯೆನ್ನಾದಲ್ಲಿ ಶಿಶು ರಕ್ಷಣಾ ಸಂಘ ಕಟ್ಟಿದರು. 1911ರಲ್ಲಿ ತೀರಿಕೊಂಡರು.

ಎದೆಹಾಲಿನಲ್ಲಿರುವ ವಿಶೇಷ ಸಕ್ಕರೆಗಳು ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಆದ್ದರಿಂದ ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಪ್ರೋಬಯಾಟಿಕ್‌ನ ಜೀವಂತ ಬ್ಯಾಕ್ಟೀರಿಯಾಗಳು ಅಪರೂಪಕ್ಕೆ ರಕ್ತಕ್ಕೆ ಸೇರಿ ಸೋಂಕು ತರಬಹುದು. ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ.